ಆರನೇ ವರ್ಷದ ಹುಡುಗ

ನಾನು ಓದಿದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಕೋರ್ಟ್ ಇತ್ತು. ಎರಡು ಕಂಬ, ಎರಡು ಹಲಗೆ, ರಿಂಗು ಮಾತ್ರ ಒಂದೇ. ಇನ್ನೊಂದು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಿರಲಿಲ್ಲ. ಗಣೇಶನ ಹಬ್ಬಕ್ಕೆ ಆ ಕಂಬಗಳಿಗೆ ಶಾಮಿಯಾನದ ಹಗ್ಗ ಕಟ್ಟುತ್ತಿದ್ದರು. ಉಳಿದ ದಿನಗಳಲ್ಲಿ ಹಲಗೆಯ ನೆರಳಿಗೆ ಪ್ರಿನ್ಸಿಪಾಲರ ಕಾರು ನಿಲ್ಲುತ್ತಿತ್ತು. ನಾನು ಐದಡಿ ನಾಲ್ಕಂಗುಲ. ಹಾಗಾಗಿ ಆ ಆಟಕ್ಕೂ ನನಗೂ ಇದ್ದದ್ದು ಬರೀ ನೆರಳಿನ ಸಂಬಂಧ.

2007ರಲ್ಲಿ ಎಂಎಸ್ ಮಾಡಲು ಅಮೆರಿಕದ ನಾರ್ತ್ ಕ್ಯಾರೊಲಿನಾಗೆ ಬಂದೆ. ಊರು ರಾಲಿ, ಕಾಲೇಜು ಎನ್‌ಸಿ ಸ್ಟೇಟ್. ಬಂದ ಮೊದಲ ವಾರವೇ ಕಟಿಂಗ್ ಶಾಪಿನವನು ಕೇಳಿದ, 'ಡ್ಯೂಕಾ, ಕ್ಯಾರೊಲಿನಾನಾ, ಸ್ಟೇಟಾ?' ನಮ್ಮ ಕಡೆ ಹೊಸಬರು ಸಿಕ್ಕರೆ 'ಯಾವೂರು, ಯಾರ ಪೈಕಿ' ಅಂತ ಕೇಳುತ್ತಾರಲ್ಲ, ಅದೇ ಪ್ರಶ್ನೆ. ತಪ್ಪು ಉತ್ತರ ಕೊಡೋಣ ಅಂದರೆ ಕತ್ತರಿ ಅವನ ಕೈಯಲ್ಲಿತ್ತು.

ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಲ್ಲಿ ಮೂರು ಮನೆತನ. ಡರ್ಹಮ್‌ನಲ್ಲಿ ಡ್ಯೂಕ್, ಚಾಪೆಲ್ ಹಿಲ್‌ನಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ, ರಾಲಿಯಲ್ಲಿ ನಾವು. ಡ್ಯೂಕ್‌ಗೂ ಚಾಪೆಲ್ ಹಿಲ್‌ಗೂ ನಡುವೆ ಸುಮಾರು 10 ಮೈಲಿ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋದಷ್ಟು. ಅಷ್ಟೇ ಜಾಗದಲ್ಲಿ ಇಷ್ಟೊಂದು ದ್ವೇಷ ಹೇಗೆ ಹಿಡಿಸಿದರೋ! ಡ್ಯೂಕ್ ಐದು ಸಲ ದೇಶಕ್ಕೇ ಚಾಂಪಿಯನ್. ಚಾಪೆಲ್ ಹಿಲ್ ಆರು ಸಲ. ನಾವು ಎರಡು ಸಲ. ಎರಡನೆಯದು 1983ರಲ್ಲಿ, ಅಂದರೆ ಕಪಿಲ್ ದೇವ್ ವಿಶ್ವಕಪ್ ಎತ್ತಿದ ವರ್ಷ. ಅವತ್ತು ಕೊನೆಯ ಗಳಿಗೆಯಲ್ಲಿ ಗೆದ್ದ ಮೇಲೆ ನಮ್ಮ ಕೋಚ್ ಜಿಮ್ ವಲ್ವಾನೊ ತಬ್ಬಿಕೊಳ್ಳಲು ಯಾರಾದರೂ ಸಿಗುತ್ತಾರಾ ಅಂತ ಕೋರ್ಟಿನ ತುಂಬ ಓಡಾಡಿದರು. ಆ ವಿಡಿಯೊ ಇಲ್ಲಿ ಪ್ರತಿ ಮಾರ್ಚ್‌ನಲ್ಲೂ ಬರುತ್ತದೆ. ಭಾರತಕ್ಕೆ 2011 ಬಂತು. ನಾವು ಆ ವಿಡಿಯೊ ನೋಡಿಕೊಂಡು ಕೂತಿದ್ದೇವೆ.

ಡ್ಯೂಕ್ ಬಗ್ಗೆ ನನಗೆ ಹೊಟ್ಟೆಕಿಚ್ಚಿದೆ, ಒಪ್ಪಿಕೊಳ್ಳುತ್ತೇನೆ. ಅವರ ಕೋಚ್ 1980ರಿಂದ 2022ರವರೆಗೆ ಒಬ್ಬರೇ. ಅವರ ಹೆಸರು ಇಂಗ್ಲಿಷಿನಲ್ಲಿ ಹತ್ತು ಅಕ್ಷರ, ಶುರುವಾಗುವುದು 'ಕೆ'ಯಿಂದ. ಬಾಯಲ್ಲಿ ಬರುವುದು ಶಶೆಫ್‌ಸ್ಕಿ. ಅಮೆರಿಕದವರು ಸೋತು 'ಕೋಚ್ ಕೆ' ಅಂತ ಕರೆದು ಕೈತೊಳೆದುಕೊಂಡರು. ಕನ್ನಡದಲ್ಲಿ ಬರೆದರೆ ಯಾವ ತೊಂದರೆಯೂ ಇಲ್ಲ ನೋಡಿ. ಅವರ ಹೆಸರಿನಲ್ಲಿ ಡ್ಯೂಕ್‌ನ ಮಕ್ಕಳು ಒಂದು ಊರನ್ನೇ ಕಟ್ಟುತ್ತಾರೆ. ಚಾಪೆಲ್ ಹಿಲ್ ವಿರುದ್ಧದ ಪಂದ್ಯಕ್ಕೆ ಒಳಗೆ ಜಾಗ ಹಿಡಿಯಲು ಚಳಿಯಲ್ಲಿ ವಾರಗಟ್ಟಲೆ ಡೇರೆ ಹಾಕಿಕೊಂಡು ಮಲಗುತ್ತಾರೆ. ತಿರುಪತಿಯ ಕ್ಯೂನಲ್ಲಾದರೂ ಕೊನೆಗೆ ಲಡ್ಡು ಸಿಗುತ್ತದೆ.

2019ರ ಫೆಬ್ರವರಿಯಲ್ಲಿ ಅಂಥದ್ದೇ ಒಂದು ಪಂದ್ಯ. ಒಬಾಮ ನೋಡಲು ಬಂದಿದ್ದರು. ಡ್ಯೂಕ್‌ನ ಜೈಯನ್ ವಿಲಿಯಮ್ಸನ್ ಅಂದರೆ ಆ ವರ್ಷದ ಹೀರೊ. ಆಟ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. ಹುಡುಗ ಗಕ್ಕನೆ ನಿಂತು ತಿರುಗಿದ. ಕಾಲು ಶೂ ಹರಿದುಕೊಂಡು ಈಚೆಗೆ ಬಂತು. ಮೊಣಕಾಲು ಉಳುಕಿ ಹೊರಗೆ ಹೋದ. ಡ್ಯೂಕ್ ಸೋತಿತು. ಮಾರನೇ ದಿನ ಶೂ ಕಂಪನಿಯ ಷೇರು ಇಳಿಯಿತು. ನಮ್ಮ ಸ್ಕೂಲಿನಲ್ಲಿ ಹವಾಯಿ ಚಪ್ಪಲಿಯ ಉಂಗುಷ್ಠ ಕಿತ್ತುಬಂದರೆ ಒಂದು ಸೇಫ್ಟಿ ಪಿನ್ ಚುಚ್ಚಿಕೊಂಡು ಮತ್ತೆ ಓಡುತ್ತಿದ್ದೆವು. ಷೇರು ಮಾರುಕಟ್ಟೆಗೆ ಸುದ್ದಿಯೇ ಹೋಗುತ್ತಿರಲಿಲ್ಲ.

ಸಂಬಳಕ್ಕೆ ಆಡುವವರ ಎನ್‌ಬಿಎ ಲೀಗ್ ಬಿಟ್ಟು ಕಾಲೇಜು ಹುಡುಗರ ಆಟ ಯಾಕೆ ನೋಡ್ತೀಯ ಅಂತ ಆಫೀಸಿನಲ್ಲಿ ಕೇಳುತ್ತಾರೆ. ಎನ್‌ಬಿಎನವರು ತಪ್ಪೇ ಮಾಡುವುದಿಲ್ಲ ಅನ್ನುವಷ್ಟು ಚೆನ್ನಾಗಿ ಆಡುತ್ತಾರೆ. ಅದು ನೋಡುವವರಿಗೆ ಅವಮಾನ. ಈ ಹುಡುಗರು ಹಾಗಲ್ಲ. ಎದುರಾಳಿಯ ತಪ್ಪಿಗೆ ಸಿಗುವ ಫ್ರೀ ಥ್ರೋ ಹಾಕುವಾಗ ಅವರ ಮುಖ ನೋಡಬೇಕು. ಅಡ್ಡ ಯಾರೂ ಇಲ್ಲ. 15 ಅಡಿ ದೂರ. ಚೆಂಡನ್ನು ಮೂರು ಸಲ ಕುಟ್ಟಿ, ಉಗುಳು ನುಂಗಿಕೊಂಡು ಮೇಲೆ ನೋಡುತ್ತಾರೆ. ವೈವಾ ಕೋಣೆಯ ಬಾಗಿಲಲ್ಲಿ ಕಾಯುವ ಹುಡುಗನ ಮುಖ ಅದು. ಆ ಮುಖ ನನಗೆ ಗೊತ್ತು. ನನ್ನದೇ.

ಅಮ್ಮ ಬಂದದ್ದು 2023ರ ನವೆಂಬರಿನಲ್ಲಿ, ನಮ್ಮ ಎರಡನೇ ಮಗುವಿನ ಬಾಣಂತನಕ್ಕೆ. ಅತ್ತೆಯವರು ಬರಬೇಕಿತ್ತು. ಅವರಿಗೆ ವೀಸಾ ಸಂದರ್ಶನಕ್ಕೆ ಸಿಕ್ಕ ದಿನ ನೋಡಿದರೆ ಮಗುವಿನ ಅಕ್ಷರಾಭ್ಯಾಸಕ್ಕೆ ಬಂದು ಸೇರುವಂತಿತ್ತು. ಅಮ್ಮನ ಹತ್ತಿರ ಹಳೆಯ ವೀಸಾ ಇತ್ತು. ಆರು ತಿಂಗಳು ಇರಬಹುದು. ಕಾಲೇಜು ಬ್ಯಾಸ್ಕೆಟ್‌ಬಾಲ್ ಕೂಡ ನವೆಂಬರಿಗೆ ಶುರುವಾಗಿ ಏಪ್ರಿಲ್ ಮೊದಲ ವಾರಕ್ಕೆ ಮುಗಿಯುತ್ತದೆ. ಇದನ್ನು ನಾನು ಬೇಕಂತಲೇ ಹೊಂದಿಸಿದೆ ಅಂತ ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ರಾತ್ರಿ ಮಗುವನ್ನು ಮಲಗಿಸುವ ಪಾಳಿ ಅಮ್ಮನದು ಮತ್ತು ನನ್ನದು. ಅಮ್ಮ ಕಾಲು ನೀಡಿ, ಕಾಲ ಮೇಲೆ ಮಗುವನ್ನು ಹಾಕಿಕೊಂಡು ತೂಗುತ್ತಾ ಕೂರುತ್ತಿದ್ದಳು. ನಾನು ಟಿವಿಯ ಸದ್ದು ಪೂರ್ತಿ ತೆಗೆದು ಪಂದ್ಯ ಹಾಕುತ್ತಿದ್ದೆ. ಸದ್ದಿಲ್ಲದ ಟಿವಿಗೆ ಅಮ್ಮನೇ ಕಾಮೆಂಟರಿ.

ಮೊದಲ ದಿನವೇ ಕೇಳಿದಳು, "ಇವರು ಓದೋದು ಯಾವಾಗೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬುಧವಾರ ಒಂದು ರಾಜ್ಯ, ಶನಿವಾರ ಇನ್ನೊಂದು ರಾಜ್ಯ. ಈಗಂತೂ ನಾವು ಆಡುವ ಕಾಲೇಜುಗಳ ಗುಂಪು, ಅಟ್ಲಾಂಟಿಕ್ ಕೋಸ್ಟ್ ಕೂಟಕ್ಕೆ ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್ ಸೇರಿಕೊಂಡಿದೆ. ಭೂಗೋಳದ ಮೇಷ್ಟ್ರು ಯಾರೂ ತಡೆಯಲಿಲ್ಲ.

ಓದುವ ವಿಚಾರದಲ್ಲಿ ಆಟಗಾರರು ಎರಡು ಥರ. ಒಂದು ಜಾತಿ ಒಂದೇ ವರ್ಷ ಕಾಲೇಜಿಗೆ ಬಂದು, ಎನ್‌ಬಿಎ ಬಾಗಿಲು ತೆರೆದ ಕೂಡಲೇ ಹೊರಡುವವರು. ಜೈಯನ್ ಆ ಪೈಕಿ. ಇವರಿಗೆ ಲೈಬ್ರರಿ ಯಾವ ಕಡೆ ಅಂತ ತಿಳಿಯುವಷ್ಟರಲ್ಲಿ ಕೋಟಿಗಟ್ಟಲೆ ಸಂಬಳ ಕಾಯುತ್ತಿರುತ್ತದೆ. ಇನ್ನೊಂದು ಜಾತಿ ಹೋಗುವುದೇ ಇಲ್ಲ. ಗಾಯವಾಗಿ ಕೂತ ವರ್ಷ ಲೆಕ್ಕಕ್ಕಿಲ್ಲ, ಬೆಂಚಿನಲ್ಲೇ ಕೂರಿಸಿದ ವರ್ಷ ಲೆಕ್ಕಕ್ಕಿಲ್ಲ, ಕೋವಿಡ್ ವರ್ಷವೂ ಲೆಕ್ಕಕ್ಕಿಲ್ಲ. ಹೀಗೆ ಕಳೆದು ಕಳೆದು ನಾಲ್ಕು ವರ್ಷದ ಕಾಲೇಜಿನಲ್ಲಿ ಆರನೇ ವರ್ಷಕ್ಕೂ ಆಡುತ್ತಿರುತ್ತಾರೆ. ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲೂ ಆರನೇ ವರ್ಷದವರು ಬೇಕಾದಷ್ಟು ಜನ ಇದ್ದರು. ಎಂ-ತ್ರೀ ಗಣಿತದ ಬ್ಯಾಕ್‌ಲಾಗ್. ಅವರನ್ನು ಟಿವಿಯಲ್ಲಿ ಯಾರೂ ತೋರಿಸಲಿಲ್ಲ.

ಮೇಲಾಗಿ ವರ್ಗಾವಣೆ. ಪೋರ್ಟಲ್ ಅಂತ ಒಂದಿದೆ. ಹೆಸರು ಹಾಕಿದರೆ ಸಾಕು, ಬೇರೆ ಕಾಲೇಜುಗಳು ಕರೆಯುತ್ತವೆ. ಊರಲ್ಲಿ ನಮ್ಮ ಚಿಕ್ಕಪ್ಪ ಶಿರಾದಿಂದ ತುಮಕೂರಿಗೆ ವರ್ಗ ಮಾಡಿಸಿಕೊಳ್ಳಲು ಎಂಎಲ್‌ಎ ಮನೆ ಮುಂದೆ ಎಷ್ಟು ಚಪ್ಪಲಿ ಸವೆಸಿದ್ದರು! ಇಲ್ಲಿ ಬರೀ ಒಂದು ಬಟನ್. 2021ರಿಂದ ಜಾಹೀರಾತಿನ ದುಡ್ಡೂ ಸಿಗುತ್ತದೆ. ಅದಕ್ಕೆ ಮೊದಲು ಕೋಚುಗಳಿಗೆ ಕೋಟಿ, ಹುಡುಗರಿಗೆ ಚಪ್ಪಾಳೆ. ದುಡ್ಡು ಬಂದು ಆಟ ಕೆಟ್ಟಿತು ಅಂತ ಹಳಬರು ಗೊಣಗುತ್ತಾರೆ. ನನಗಂತೂ ಹಾಗನ್ನಿಸಿಲ್ಲ. ನಾನು ಗೊಣಗುವುದು ಒಂದಕ್ಕೇ. ಹೆಸರು ಬಾಯಿಪಾಠ ಆಗುವಷ್ಟರಲ್ಲಿ ತಂಡವೇ ಬದಲಾಗಿರುತ್ತದೆ. ಅಂಗಿ ಮಾತ್ರ ಹಳೇದು. ನಾವು ಅಂಗಿಗೆ ಕೂಗುತ್ತೇವೆ.

ಆ ವರ್ಷದ ನಮ್ಮ ತಂಡದಲ್ಲೊಬ್ಬ ಆರನೇ ವರ್ಷದ ಹುಡುಗ ಇದ್ದ. ಡಿಜೆ ಬರ್ನ್ಸ್. ನಮ್ಮದು ಅವನ ಮೂರನೇ ಕಾಲೇಜು. 6 ಅಡಿ 9 ಅಂಗುಲ, 275 ಪೌಂಡು. ಅಂದರೆ ಸುಮಾರು 125 ಕೆಜಿ. ಎಡಗೈಯವನು. ಉಳಿದವರೆಲ್ಲ ಜಿಂಕೆ ಥರ ಹಾರುತ್ತಿದ್ದರೆ ಇವನು ಹಾರುವ ಗೋಜಿಗೇ ಹೋಗುವುದಿಲ್ಲ. ಎದುರಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಸಂತೆ ದಿನದ ಬಸ್ಸಿನಲ್ಲಿ ದಪ್ಪಗಿನ ಗೌಡರೊಬ್ಬರು 'ಚೂರು ಜರುಗಿ' ಅನ್ನುತ್ತಾ ಬೆನ್ನಲ್ಲೇ ಜಾಗ ಮಾಡಿಕೊಳ್ಳುತ್ತಾರಲ್ಲ, ಹಾಗೆ ಮೆಲ್ಲಗೆ ಒತ್ತುತ್ತಾನೆ. ಇದ್ದಕ್ಕಿದ್ದಂತೆ ಬುಗುರಿ ಥರ ತಿರುಗಿ, ಎಡಗೈಯಿಂದ ಚೆಂಡನ್ನು ದೇವರಿಗೆ ಹೂವು ಏರಿಸಿದ ಹಾಗೆ ಹಾಕಿಬಿಡುತ್ತಾನೆ. ಆಮೇಲೆ ನಗುತ್ತಾನೆ.

"ಈ ಮಗುಗೆ ಮನೇಲಿ ಚೆನ್ನಾಗಿ ಊಟ ಹಾಕ್ತಾರೆ ಕಣೋ," ಅಂದಳು ಅಮ್ಮ. ಅವತ್ತಿನಿಂದ ಅವನು ನಮ್ಮ ಮನೆಯ ಗುಂಡ. "ಗುಂಡ ಇವತ್ತು ಆಡ್ತಾನಾ?" ಅಂತ ಸಾರಿಗೆ ಒಗ್ಗರಣೆ ಹಾಕುವಾಗಲೇ ಕೇಳಿಕೊಳ್ಳುತ್ತಿದ್ದಳು.

ಗುಂಡ ಆಡುತ್ತಿದ್ದ. ತಂಡ ಸೋಲುತ್ತಿತ್ತು. ಮಾರ್ಚ್ ಎರಡನೇ ವಾರದ ಹೊತ್ತಿಗೆ ಸತತ ನಾಲ್ಕು ಸೋಲು. ಗೆದ್ದದ್ದು 17, ಸೋತದ್ದು 14. ದೇಶದ ದೊಡ್ಡ ಟೂರ್ನಿಗೆ ಹೋಗಬೇಕಾದರೆ ವಾಷಿಂಗ್ಟನ್‌ನಲ್ಲಿ ನಮ್ಮ ಕೂಟದ ಟೂರ್ನಿಯಲ್ಲಿ ಐದು ದಿನಕ್ಕೆ ಐದು ಪಂದ್ಯ ಗೆಲ್ಲಬೇಕಿತ್ತು. ಮದುವೆ ಮನೆಯಲ್ಲಿ ಐದು ದಿನ ಊಟ ಮಾಡುವುದೂ ಕಷ್ಟ.

ಒಂದು ಗೆದ್ದರು. ಎರಡು ಗೆದ್ದರು. ಮೂರನೆಯದು ಡ್ಯೂಕ್, ಅದನ್ನೂ ಗೆದ್ದರು. ನಾಲ್ಕನೇ ರಾತ್ರಿ ವರ್ಜೀನಿಯಾ. ಐದು ಸೆಕೆಂಡ್ ಇರುವಾಗ ನಾವು ಮೂರು ಪಾಯಿಂಟ್ ಹಿಂದೆ. ಅವರ ಹುಡುಗ ಫ್ರೀ ಥ್ರೋ ತಪ್ಪಿಸಿದ. ವೈವಾ ಮುಖ. ನಮ್ಮ ಮೈಕೆಲ್ ಓಕಾನೆಲ್ ಓಡಿ ಬಂದು ಮೂರು ಪಾಯಿಂಟ್ ಸಿಗುವಷ್ಟು ದೂರದಿಂದಲೇ ಎಸೆದ. ಚೆಂಡು ಹಲಗೆಗೆ ಬಡಿದು, ರಿಂಗಿನ ಮೇಲೆ ಒಂದು ಕ್ಷಣ ಯೋಚನೆ ಮಾಡಿ ಒಳಗೆ ಬಿತ್ತು. ನಾನು ಕಿರುಚಿದೆ. ಮಗು ಎದ್ದಿತು. ಒಳಗಿನಿಂದ ಹೆಂಡತಿ ಎದ್ದು ಬಂದಳು. ಆಮೇಲಿನದ್ದು ಬೇಡ. ಹೆಚ್ಚುವರಿ ಸಮಯದಲ್ಲಿ ನಾವು ಗೆದ್ದೆವು, ಮಾರನೇ ರಾತ್ರಿ ಚಾಪೆಲ್ ಹಿಲ್ ಅನ್ನೂ ಸೋಲಿಸಿದೆವು.

ಗೆದ್ದವರು ಏಣಿ ಹತ್ತಿ ಕತ್ತರಿಯಿಂದ ರಿಂಗಿನ ಬಲೆ ಕತ್ತರಿಸಿಕೊಳ್ಳುವುದು ಇಲ್ಲಿನ ಪದ್ಧತಿ. ಇದನ್ನು 1947ರಲ್ಲಿ ಶುರು ಮಾಡಿದ್ದೂ ನಮ್ಮ ಕಾಲೇಜಿನ ಕೋಚ್ ಎವೆರೆಟ್ ಕೇಸ್ ಅಂತ ನಾನು ಹೆಮ್ಮೆಯಿಂದ ಹೇಳಿದೆ. ಅಮ್ಮ ನೋಡುತ್ತಾ ಕೂತಿದ್ದಳು. "ಚೆನ್ನಾಗಿರೋ ಬಲೆ ಯಾಕೋ ಹರೀತಾರೆ? ಮುಂದೆ ಆಡೋರಿಗೆ ಬೇಡ್ವಾ?"

ಆಮೇಲೆ ಬ್ರಾಕೆಟ್ ಬಂತು. ಆ ದೊಡ್ಡ ಟೂರ್ನಿಯ 63 ಪಂದ್ಯಗಳನ್ನು ಯಾರು ಗೆಲ್ಲುತ್ತಾರೆ ಅಂತ ಮೊದಲೇ ಬರೆದುಕೊಡುವ ಹುಚ್ಚು. ಕಣ್ಣುಮುಚ್ಚಿ ಬರೆದರೆ ಎಲ್ಲ ಸರಿಹೋಗುವ ಸಂಭವ ಎಷ್ಟು ಗೊತ್ತಾ? 9ರ ಮುಂದೆ 18 ಸೊನ್ನೆ ಹಾಕಿ, ಅಷ್ಟರಲ್ಲಿ ಒಂದು. ಆದರೂ ಪ್ರತಿ ಆಫೀಸಿನಲ್ಲೂ ಎಲ್ಲರೂ ತುಂಬುತ್ತಾರೆ. ನಾನು ಎಕ್ಸೆಲ್ ಹಾಳೆ ಮಾಡಿಕೊಂಡು ತುಂಬಿದೆ. ಅಮ್ಮನಿಗೂ ಒಂದು ಹಾಳೆ ಕೊಟ್ಟು ತಂಡಗಳ ಅಡ್ಡಹೆಸರು ಓದುತ್ತಾ ಹೋದೆ. ಡ್ಯೂಕ್ ಅಂದರೆ ನೀಲಿ ದೆವ್ವ. "ಥೂ, ಬೇಡ. ಮಗು ಇರೋ ಮನೆ." ನಾವು ತೋಳಗಳು. "ಗುಂಡನದು ತಾನೆ, ಬರಿ." ಪರ್ಡ್ಯೂ ಅಂದರೆ ಬಾಯ್ಲರ್ ಮಾಡುವವರು. "ಹಂಡೆ ಮಾಡೋರಾ? ಪಾಪ, ಶ್ರಮದ ಕೆಲಸ. ಒಂದೆರಡು ಗೆಲ್ಲಲಿ."

ಒಂದೇ ವಾರಕ್ಕೆ ನನ್ನ ಎಕ್ಸೆಲ್ ಹರಿದುಹೋಯಿತು. ನಾನು ನಂಬಿದ್ದ ಕೆಂಟಕಿಯನ್ನು ಓಕ್‌ಲ್ಯಾಂಡ್ ಅನ್ನುವ ಚಿಕ್ಕ ಕಾಲೇಜು ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿತು. ಅವರ ಜ್ಯಾಕ್ ಗೋಲ್ಕಿ ದೂರದಿಂದ ಹತ್ತು ಸಲ ಬುಟ್ಟಿ ಹಾಕಿದ. ಅವನೂ ಹಳೇ ವಿದ್ಯಾರ್ಥಿಯೇ, ಎತ್ತರವೂ ಅಂಥದ್ದೇನಿಲ್ಲ. "ಕೋ-ಆಪರೇಟಿವ್ ಬ್ಯಾಂಕಿನಲ್ಲಿ ಲೆಕ್ಕ ಬರೆಯೋನ ಥರ ಇದಾನಲ್ಲೋ," ಅಂದಳು ಅಮ್ಮ. ಮುಂದಿನ ಸುತ್ತಿನಲ್ಲಿ ಆ ಗುಮಾಸ್ತನನ್ನು ನಾವು ಕಷ್ಟಪಟ್ಟು ದಾಟಿದೆವು.

ಆಗ ರಂಜಾನ್ ತಿಂಗಳು. ನಮ್ಮ ಮೊಹಮದ್ ಡಿಯಾರಾ ಉಪವಾಸವಿದ್ದುಕೊಂಡೇ ಟೂರ್ನಿ ಆಡುತ್ತಿದ್ದಾನೆ ಅಂತ ಹೇಳಿದೆ. ಅಮ್ಮನ ತೂಗುವ ಕಾಲು ನಿಂತಿತು. "ನೀರೂ ಇಲ್ವಾ?" ಇಲ್ಲ ಅಂದೆ. ಏಕಾದಶಿ ದಿನ ಅವಲಕ್ಕಿ ತಿನ್ನುವ ನನ್ನ ಕಡೆ ಒಂದು ಸಲ ನೋಡಿದಳು. ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿ ಇತ್ತು.

ಮಾರ್ಚ್ 31ರ ಭಾನುವಾರ ಮತ್ತೆ ಡ್ಯೂಕ್ ಎದುರಾಯಿತು. ಗುಂಡ 29 ಪಾಯಿಂಟ್ ಹೊಡೆದ. 76–64. ದೆವ್ವ ಬಿಟ್ಟಿತು. 1983 ಆದಮೇಲೆ ಮೊದಲ ಸಲ ನಾವು ಕೊನೆಯ ನಾಲ್ಕರಲ್ಲಿ. ನಮ್ಮ ಹುಡುಗಿಯರ ತಂಡವೂ ಅದೇ ವರ್ಷ ಕೊನೆಯ ನಾಲ್ಕಕ್ಕೆ ಬಂತು. "ಹುಡುಗೀರು ಫ್ರೀ ಥ್ರೋ ನೆಟ್ಟಗೆ ಹಾಕ್ತಾರೆ," ಅನ್ನುವುದು ಅಮ್ಮನ ತೀರ್ಪು. ನಾನು ವಾದ ಮಾಡಲಿಲ್ಲ.

ಏಪ್ರಿಲ್ 6. ಎದುರಿಗೆ ಹಂಡೆ ಮಾಡುವವರು. ಅವರಲ್ಲಿ ಜ್ಯಾಕ್ ಈಡಿ ಅಂತ ಒಬ್ಬ, 7 ಅಡಿ 4 ಅಂಗುಲ. ಅವನು ಕೋರ್ಟಿಗೆ ಬಂದಾಗ ಅಮ್ಮ ಕೇಳಿದ್ದು, "ಇವನಿಗೆ ಮಂಚ ಎಲ್ಲಿ ಮಾಡಿಸ್ತಾರೆ?" ನಮ್ಮ ಗುಂಡ ಬೆನ್ನು ಕೊಟ್ಟು ಒತ್ತಿದ. ಈ ಬಸ್ಸಿನಲ್ಲಿ ಯಾರೂ ಜರುಗಲಿಲ್ಲ. 63–50. ಅಮ್ಮ ಟಿವಿ ಆರಿಸಲು ಹೇಳಿದಳು. "ಬಿಡು, ಪಾಪ. ದಿನಾ ಆಡೀ ಆಡೀ ಸುಸ್ತಾಗಿದಾನೆ." ಆಫೀಸಿನ ಬ್ರಾಕೆಟ್‌ನಲ್ಲಿ ಅಮ್ಮ ನನಗಿಂತ ಒಂಬತ್ತು ಸ್ಥಾನ ಮೇಲಿದ್ದಳು. ಇದನ್ನು ನಾನು ಊರಲ್ಲಿ ಯಾರಿಗೂ ಹೇಳಿಲ್ಲ. ಅವಳು ಎಲ್ಲರಿಗೂ ಹೇಳಿದ್ದಾಳೆ.

ಏಪ್ರಿಲ್ ಕೊನೆಗೆ ಅಮ್ಮ ವಾಪಸ್ ಹೊರಟಳು. ಮರುವರ್ಷ ತಂಡ ಬಹಳಷ್ಟು ಬದಲಾಯಿತು. ಎಷ್ಟು ಸೋತರು ಅಂದರೆ ವಾಷಿಂಗ್ಟನ್‌ನಲ್ಲಿ ಗೆದ್ದಿದ್ದ ಆ ಕೂಟದ ಟೂರ್ನಿಗೇ ಜಾಗ ಸಿಗಲಿಲ್ಲ. ಬಲೆ ಕತ್ತರಿಸಿ ವರ್ಷ ತುಂಬುವ ಮೊದಲೇ ಕೋಚ್‌ಗೆ ಕೆಲಸ ಹೋಯಿತು. ಅದನ್ನೆಲ್ಲ ಅಮ್ಮ ಕೇಳಲಿಲ್ಲ. ಅವಳ ಪ್ರಶ್ನೆ ಒಂದೇ.

"ಗುಂಡನಿಗೆ ಕೆಲಸ ಸಿಕ್ತಾ?"

ಎನ್‌ಬಿಎ ತಂಡಗಳು ಹುಡುಗರನ್ನು ಆರಿಸಿಕೊಂಡ ದಿನ ಅವನ ಹೆಸರು ಯಾರೂ ಕರೆಯಲಿಲ್ಲ, ಈಗ ಕೊರಿಯಾದ ಒಂದು ತಂಡಕ್ಕೆ ಆಡಲು ಹೋಗಿದ್ದಾನೆ ಅಂದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ.

"ಕೊರಿಯಾ ಅಂದ್ರೆ ಚಳಿ ಜಾಸ್ತಿ ಅಲ್ವೇನೋ? ಅಲ್ಲಿ ಊಟ ಸೇರುತ್ತೋ ಇಲ್ವೋ. ನಮ್ಮ ಶಾಮಣ್ಣನ ಅಳಿಯ ಅಲ್ಲೇ ಇದಾನೆ. ಒಂದು ಭಾನುವಾರ ಊಟಕ್ಕೆ ಕರೀರಿ ಅಂತ ಹೇಳ್ಲಾ?"

ಬೇಡಮ್ಮ, ಅವರಿಗೆ ಪರಿಚಯ ಇರಲ್ಲ ಅಂದೆ. ಹತ್ತು ನಿಮಿಷಕ್ಕೆ ವಾಟ್ಸಾಪಿನಲ್ಲಿ ಶಾಮಣ್ಣನ ಅಳಿಯನ ನಂಬರು ಬಂತು. ಕೆಳಗೆ ಒಂದು ಸಾಲು: 'ಅನ್ನ ಜಾಸ್ತಿ ಮಾಡೋಕೆ ಹೇಳು.'