ಈಜಿಪ್ಟ್ ಬಿಟ್ಟುಕೊಡಲು ಕ್ಲೆಬರ್ ಒಪ್ಪಿದ್ದು ಸರಿಯೇ?

ಝಾನ್ ಬಾಪ್ಟಿಸ್ಟ್ ಕ್ಲೆಬರ್ 1753ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಹುಟ್ಟಿದವನು. ಕಲಿತದ್ದು ಕಟ್ಟಡ ಕಟ್ಟುವ ವಿದ್ಯೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ ಸ್ವಯಂಸೇವಕರ ಪಡೆ ಸೇರಿದ. ಮರುವರ್ಷವೇ ಜನರಲ್ ಆದ. 1799ರ ಆಗಸ್ಟ್‌ನಲ್ಲಿ ನೆಪೋಲಿಯನ್ ಬೋನಪಾರ್ಟ್ ಗುಟ್ಟಾಗಿ ಫ್ರಾನ್ಸ್‌ಗೆ ಹಡಗು ಹತ್ತಿದಾಗ, ಈಜಿಪ್ಟ್ ಹಿಡಿದು ಕೂತಿದ್ದ ಫ್ರೆಂಚ್ ಸೇನೆ ಇವನ ತಲೆಗೆ ಬಿತ್ತು. ಐದು ತಿಂಗಳಲ್ಲೇ, 1800ರ ಜನವರಿ 24ರಂದು, ಈಜಿಪ್ಟ್ ಖಾಲಿ ಮಾಡುತ್ತೇವೆಂದು ತುರ್ಕರ ಜೊತೆ ಮಾಡಿಕೊಂಡ ಎಲ್ ಅರೀಶ್ ಒಪ್ಪಂದಕ್ಕೆ ಇವನ ಪ್ರತಿನಿಧಿಗಳು ಸಹಿ ಹಾಕಿದರು.

ಪರ

ಮೊದಲು ಅವನಿಗೆ ಸಿಕ್ಕಿದ್ದು ಏನು ಅಂತ ನೋಡಿ. ರೊಸೆಟ್ಟಾಕ್ಕೆ ಬಾ, ಮಾತಾಡೋಣ ಎಂದು ಕರೆಸಿದ ಬೋನಪಾರ್ಟ್ ಅಲ್ಲಿಗೆ ಬರಲೇ ಇಲ್ಲ. ಕ್ಲೆಬರ್‌ಗೆ ಸಿಕ್ಕಿದ್ದು ಒಂದು ಪತ್ರ, ಖಾಲಿ ಖಜಾನೆ, ಸಂಬಳ ಬಾಕಿ ಇದ್ದ ಸಿಪಾಯಿಗಳು. ಫ್ರೆಂಚ್ ಹಡಗುಪಡೆಯನ್ನು ಬ್ರಿಟಿಷ್ ಅಡ್ಮಿರಲ್ ನೆಲ್ಸನ್ 1798ರಲ್ಲೇ ಅಬೂಕಿರ್‌ನಲ್ಲಿ ನಾಶ ಮಾಡಿದ್ದ. ಫ್ರಾನ್ಸ್‌ನಿಂದ ನೆರವು ಬರುವ ದಾರಿಯೇ ಇರಲಿಲ್ಲ.

ಇಷ್ಟಕ್ಕೂ ಈಜಿಪ್ಟ್ ಯಾಕೆ ಬೇಕಿತ್ತು? ಇಂಗ್ಲಿಷರಿಗೆ ಭಾರತದ ದಾರಿಯಲ್ಲಿ ಅಡ್ಡ ನಿಲ್ಲುವುದಕ್ಕೆ. ಬೋನಪಾರ್ಟ್ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದಿದ್ದ. ಅದು ಬ್ರಿಟಿಷರ ಕೈಗೆ ಸಿಕ್ಕಿತು. 1799ರ ಮೇ 4ರಂದು ಶ್ರೀರಂಗಪಟ್ಟಣವೇ ಬಿತ್ತು. ಕ್ಲೆಬರ್ ಅಧಿಕಾರ ವಹಿಸಿಕೊಳ್ಳುವ ಹೊತ್ತಿಗೆ ಆ ಆಸೆ ಸತ್ತು ಮೂರೂವರೆ ತಿಂಗಳಾಗಿತ್ತು. ಇನ್ನು ಯಾರಿಗಾಗಿ ಸಾಯಬೇಕಿತ್ತು?

ಡಿಸೆಂಬರ್ ಕೊನೆಗೆ ಎಲ್ ಅರೀಶ್ ಕೋಟೆಯೊಳಗಿನ ಫ್ರೆಂಚ್ ಸಿಪಾಯಿಗಳೇ ದಂಗೆ ಎದ್ದರು, ಕೋಟೆ ತುರ್ಕರ ಪಾಲಾಯಿತು. ಹೀಗಿರುವಾಗ ಒಪ್ಪಂದದಲ್ಲಿ ಸಿಕ್ಕಿದ್ದು ಕಡಿಮೆಯದೇನಲ್ಲ: ಆಯುಧ, ಸಾಮಾನು ಸಮೇತ ಊರಿಗೆ ವಾಪಸ್. 1801ರಲ್ಲಿ ಬ್ರಿಟಿಷರಿಗೆ ಶರಣಾದಾಗ ಫ್ರೆಂಚರಿಗೆ ಸಿಕ್ಕಿದ್ದೂ ಹೆಚ್ಚುಕಮ್ಮಿ ಇದೇ. ನಡುವಿನ ಒಂದೂವರೆ ವರ್ಷ ಜನ ಸತ್ತಿದ್ದು ಸುಮ್ನೆ ಅಲ್ವಾ? ಮೇಲಾಗಿ ಫ್ರೆಂಚರಿಗೆ ಸಿಕ್ಕಿದ್ದ ರೊಸೆಟ್ಟಾ ಕಲ್ಲು, ಅಂದರೆ ಆ ಹೆಸರಾಂತ ಪುರಾತನ ಶಾಸನವೂ, ಕೈತಪ್ಪಿತು.

ವಿರೋಧ

ಬೋನಪಾರ್ಟ್‌ನ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಅವನು ಬಿಟ್ಟುಹೋದ ಪತ್ರದಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ಮೇ ತಿಂಗಳವರೆಗೂ ನೆರವಾಗಲಿ ಸುದ್ದಿಯಾಗಲಿ ಬರದೆ, ಪ್ಲೇಗ್‌ಗೆ 1500ಕ್ಕಿಂತ ಜಾಸ್ತಿ ಜನ ಸತ್ತರೆ, ಆಗ ದೇಶ ಬಿಟ್ಟಾದರೂ ಸಂಧಿ ಮಾಡಿಕೊಳ್ಳಬಹುದು. ಕ್ಲೆಬರ್ ಜನವರಿಯಲ್ಲೇ ಮುಗಿಸಿದ.

ಅದಕ್ಕಿಂತ ದೊಡ್ಡ ತಪ್ಪು, ಯಾರನ್ನು ನಂಬಿದ ಎನ್ನುವುದು. ಸಮುದ್ರ ಬ್ರಿಟಿಷರದ್ದು. ನಡುವೆ ನಿಂತು ಮಾತು ಕೊಟ್ಟ ಬ್ರಿಟಿಷ್ ನೌಕಾಧಿಕಾರಿ ಸಿಡ್ನಿ ಸ್ಮಿತ್‌ಗೆ ಹಾಗೆ ಮಾತು ಕೊಡುವ ಅಧಿಕಾರ ಲಂಡನ್ ಕೊಟ್ಟಿರಲಿಲ್ಲ. ಜೊತೆಗೆ, ಸೇನೆ ಅರ್ಧಕ್ಕೆ ಇಳಿದಿದೆ, ದುಡ್ಡಿಲ್ಲ ಎಂದು ಕ್ಲೆಬರ್ ಪ್ಯಾರಿಸ್‌ಗೆ ಬರೆದ ಪತ್ರ ಬ್ರಿಟಿಷರಿಗೇ ಸಿಕ್ಕಿತ್ತು. ಎದುರಾಳಿ ಇಷ್ಟು ಸೋತಿದ್ದಾನೆ ಅಂತ ಅವನ ಬಾಯಿಂದಲೇ ತಿಳಿದ ಮೇಲೆ ಅವರು ಸುಮ್ಮನೆ ಬಿಡುತ್ತಾರೆಯೇ? ಆಯುಧ ಕೆಳಗಿಟ್ಟು ಯುದ್ಧಕೈದಿಗಳಾಗಿ ಎಂದು ಬ್ರಿಟಿಷ್ ಅಡ್ಮಿರಲ್ ಕೀತ್ ಪತ್ರ ಬರೆದು ಕಳಿಸಿದ. ಅಷ್ಟರಲ್ಲಿ ಕ್ಲೆಬರ್ ಕೆಲವು ಕೋಟೆಗಳನ್ನು ಬಿಟ್ಟುಕೊಟ್ಟಾಗಿತ್ತು. ತುರ್ಕಿ ವಜೀರನ ದಂಡು ಕೈರೋ ಹತ್ತಿರ ಬಂದು ಕೂತಿತ್ತು.

ಆಗ ಕ್ಲೆಬರ್ ಸಿಪಾಯಿಗಳಿಗೆ ಕೀತ್‌ನ ಪತ್ರ ತೋರಿಸಿ, ಇಂಥ ಸೊಕ್ಕಿಗೆ ಗೆಲುವೇ ಉತ್ತರ ಎಂದ. ಮಾರ್ಚ್ 20ರಂದು ಹೆಲಿಯೊಪೊಲಿಸ್‌ನಲ್ಲಿ ಸುಮಾರು 10,000 ಜನರೊಂದಿಗೆ ತನಗಿಂತ ಎಷ್ಟೋ ದೊಡ್ಡ ದಂಡನ್ನು ಓಡಿಸಿದ. ಅದ್ಭುತ ಗೆಲುವು, ಒಪ್ಪೋಣ. ಆದರೆ ಆ ಗೆಲುವೇ ಅವನ ವಿರುದ್ಧ ಸಾಕ್ಷಿ. ಅದೇ ಸಿಪಾಯಿಗಳು, ಅದೇ ಖಜಾನೆ. ಅಷ್ಟರಲ್ಲಿ ದಂಗೆ ಎದ್ದ ಕೈರೋವನ್ನು ಮತ್ತೆ ಹಿಡಿಯಲು ಒಂದು ತಿಂಗಳು ಹಿಡಿಯಿತು. ಕೈರೋದ ಬಂದರು ಪೇಟೆ ಬೂಲಾಕ್ ಸುಟ್ಟುಹೋಯಿತು, ಊರಿನ ಜನರ ಮೇಲೆ ಭಾರೀ ದಂಡ ಬಿತ್ತು. ಒಪ್ಪಂದದ ಬೆಲೆ ಕೊನೆಗೆ ಅವರೇ ಕೊಟ್ಟರು.

ಆಮೇಲೆ ಕ್ಲೆಬರ್ ಖಜಾನೆ ತುಂಬಿಸಿದ, ಕಾಪ್ಟರನ್ನೂ (ಈಜಿಪ್ಟ್‌ನ ಕ್ರೈಸ್ತರು) ಗ್ರೀಕರನ್ನೂ ಸೇನೆಗೆ ಸೇರಿಸಿಕೊಂಡ, ಈಜಿಪ್ಟ್‌ನಲ್ಲೇ ಉಳಿಯುವ ತಯಾರಿ ನಡೆಸಿದ. ಜೂನ್ 14ರಂದು ಅಲೆಪ್ಪೊದ ಸುಲೇಮಾನ್ ಅಲ್ ಹಲಬಿ ಎಂಬ ಯುವಕ ಚೂರಿಯಿಂದ ಇರಿದು ಕೊಲ್ಲುವ ತನಕ ಅದೇ ಕೆಲಸ. ಏಪ್ರಿಲ್‌ನಲ್ಲಿ ಆದದ್ದು ಜನವರಿಯಲ್ಲಿ ಯಾಕೆ ಆಗುತ್ತಿರಲಿಲ್ಲ?