ಸವೆದದ್ದು ಉಂಗುರ, ಬಂದೂಕಲ್ಲ
1963ರಲ್ಲಿ ಬಂದ ರೆಮಿಂಗ್ಟನ್ 1100, ಗುಂಡು ಹಾರಿದಾಗಿನ ಅನಿಲದ ಒತ್ತಡದಿಂದ ಮುಂದಿನ ತೋಟಾವನ್ನು ತಾನೇ ಏರಿಸಿಕೊಳ್ಳುವ ಬೇಟೆ ಬಂದೂಕು. ಅದನ್ನು ಹಳೆಯದಾಗಿ ಕೊಳ್ಳಬೇಡಿ, ಎರಡನೇ ತೋಟಾ ಏರುವುದೇ ಇಲ್ಲ ಎಂದು ಲೇಖನವೊಂದರಲ್ಲಿ ಎಚ್ಚರಿಸಿದ್ದಾರೆ. ಬಹಳಷ್ಟು ಸಲ ತಪ್ಪು ಬಂದೂಕಿನದಲ್ಲ. ತೋಟಾಗಳನ್ನು ತುಂಬಿಡುವ ಮ್ಯಾಗಜಿನ್ ಕೊಳವೆಯ ಮೇಲೆ ಕೂರುವ, ಕೆಲವೇ ಡಾಲರ್ ಬೆಲೆಯ ರಬ್ಬರ್ ಉಂಗುರದ್ದು. ಅದು ಸೀಳಿದರೆ ಅನಿಲ ಸೋರಿ, ತೋಟಾ ಏರಿಸುವ ಬೋಲ್ಟ್ ಪೂರ್ತಿ ಹಿಂದೆ ಸರಿಯುವುದಿಲ್ಲ. ಟೆಕ್ಸಾಸ್‌ನಲ್ಲಿ ನಾನು ಅಗ್ಗಕ್ಕೆ ಕೊಂಡದ್ದೂ ಇಂಥದೇ ‘ಸತ್ತ’ ಬಂದೂಕು. ಉಂಗುರ ಬದಲಿಸಿದೆ, ಅನಿಲದ ರಂಧ್ರಗಳ ಮಸಿ ತೆಗೆದೆ. ಆದರೂ ತಡವರಿಸಿತು. ಕೊನೆಗೆ ಹಿಂಭಾಗದ ಮರ ಬಿಚ್ಚಿದರೆ, ಬೋಲ್ಟನ್ನು ಮತ್ತೆ ಮುಂದೆ ತಳ್ಳುವ ಒಳಗಿನ ಸ್ಪ್ರಿಂಗ್ ಅಂಟಾದ ಹಳೆಯ ಎಣ್ಣೆಯಲ್ಲಿ ತುಕ್ಕು ಹಿಡಿದು ಕೂತಿತ್ತು. ಹಿಂದಿನ ಮಾಲೀಕರು ಅಲ್ಲಿಗೆ ಕೈ ಹಾಕಿದಂತೆಯೇ ಕಾಣಲಿಲ್ಲ! ಕೊಳ್ಳುವಾಗ ಮುಂಭಾಗದ ಮರದಲ್ಲಿ ಬಿರುಕಿದೆಯೇ ನೋಡಿ. ಬದಲಿ ಮರ ಅಗ್ಗವಲ್ಲ. ಉಕ್ಕಿನ ನೀಲಿ ಹೊಳಪು ಮಾಸಿದ್ದರೆ ಮಾಸಲಿ, ಬಾತುಕೋಳಿಗಳು ಅದನ್ನು ಗಮನಿಸುವುದಿಲ್ಲ.