ಹೊಲದ ದಾಖಲೆಯಲ್ಲಿ ಮುತ್ತಜ್ಜಿಯನ್ನು ಹುಡುಕುತ್ತಾ

ಎಡಿನ್‌ಬರೋದಲ್ಲಿ ನಮ್ಮ ಓಣಿಯ ಕೊನೆಯ ಮನೆಯಲ್ಲಿ ವಯಸ್ಸಾದ ಬಡಗಿಯೊಬ್ಬರಿದ್ದಾರೆ. ಉಳಿ, ಸುತ್ತಿಗೆ ಕೆಳಗಿಟ್ಟ ಮೇಲೆ ಅವರಿಗೆ ಹಿಡಿದಿರುವ ಹಂಬಲ ಒಂದೇ: ತಮ್ಮ ಹಿರಿಯರು ಯಾರು, ಎಲ್ಲಿಂದ ಬಂದವರು ಎಂದು ತಿಳಿಯುವುದು. ಹೋದ ಚಳಿಗಾಲದಲ್ಲಿ ಒಂದು ದಿನ ನನ್ನನ್ನೂ ಜೊತೆಗೆ ಕರೆದೊಯ್ದರು. ಊರ ನಡುವೆ ಜನರಲ್ ರಿಜಿಸ್ಟರ್ ಹೌಸ್ ಎಂಬ ಹಳೆಯ ಕಲ್ಲಿನ ಕಟ್ಟಡವಿದೆ. ದಿನದ ಶುಲ್ಕ ಕಟ್ಟಿದವರು ಯಾರೇ ಆಗಲಿ, ಅಲ್ಲಿ ಕುಳಿತು ದಾಖಲೆ ನೋಡಬಹುದು. ಬೆಳಗ್ಗೆ ತಮ್ಮ ಅಜ್ಜಿಯ ಮರಣದ ನಮೂದಿನಿಂದ ಹೊರಟವರು ಸಂಜೆ ಬಾಗಿಲು ಹಾಕುವ ಹೊತ್ತಿಗೆ 1790ರ ದಶಕದಲ್ಲಿ ಹುಟ್ಟಿದ ಒಬ್ಬ ನೇಕಾರನ ಮಗಳನ್ನು ತಲುಪಿದ್ದರು. ಅಜ್ಜಿ, ಅಜ್ಜಿಯ ತಾಯಿ, ಆ ತಾಯಿಯ ತಾಯಿ ಎಂದು ಹೆಣ್ಣಿನ ಕಡೆಯಿಂದಲೇ ಐದು ತಲೆಮಾರು.

“ನಿಮ್ಮದು ಎಲ್ಲಿಯವರೆಗೆ ಗೊತ್ತು?” ಎಂದು ಕೇಳಿದರು. ತಂದೆ, ಅಜ್ಜ, ಮುತ್ತಜ್ಜ, ಅವರ ತಂದೆ ಎಂದು ನಾಲ್ಕು ಹೆಸರು ಹೇಳಿದೆ. “ಹೆಂಗಸರು?” ಎಂದರು. ತಾಯಿ ಮತ್ತು ಅಜ್ಜಿಯರ ಹೆಸರು ಹೇಳಿ ನಿಂತೆ. ತಂದೆಯ ಅಜ್ಜಿಯ, ಅಂದರೆ ನನ್ನ ಮುತ್ತಜ್ಜಿಯ, ಮದುವೆಯ ನಂತರದ ಹೆಸರು ಗೊತ್ತಿತ್ತು. ಅವಳು ಯಾವ ಊರಿನ ಮಗಳು, ಹೆತ್ತವರು ಇಟ್ಟ ಹೆಸರೇನು, ಹಡೆದವ್ವ ಯಾರು ಎಂಬುದು ಗೊತ್ತಿರಲಿಲ್ಲ. ರಾತ್ರಿ ಊರಿಗೆ ಕರೆ ಮಾಡಿ ಸೋದರತ್ತೆಯನ್ನು ಕೇಳಿದೆ. “ಹೊಳೆಯಾಚೆಯ ಊರಿನವಳು ಎಂದಷ್ಟೇ ಗೊತ್ತು” ಎಂದರು. ತಂದೆ ಇಲ್ಲ, ಕೇಳಲು ಬೇರೆ ಯಾರೂ ಉಳಿದಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಂಥ ಮಾತು ಬಂದಾಗಲೆಲ್ಲ ಹೊರನಾಡಿನಲ್ಲಿರುವ ನಮ್ಮವರು ಹೇಳುವುದು ಒಂದೇ: ನಮ್ಮಲ್ಲಿ ದಾಖಲೆ ಇಡುವ ಪದ್ಧತಿಯೇ ಇಲ್ಲ. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ. ಈಗ ಅದನ್ನು ಒಪ್ಪುವುದಿಲ್ಲ. ಸ್ಕಾಟ್‌ಲ್ಯಾಂಡಿನವರು ಮನುಷ್ಯರನ್ನು ಬರೆದಿಟ್ಟರು, ನಾವು ಹೊಲಗಳನ್ನು ಬರೆದಿಟ್ಟೆವು. ಅಲ್ಲಿ ಹೆಸರು ಹೇಳಿದರೆ ಮನುಷ್ಯ ಸಿಗುತ್ತಾನೆ. ನಮ್ಮಲ್ಲಿ ಸರ್ವೆ ನಂಬರ್ ಹೇಳಿದರೆ ಹೊಲ ಸಿಗುತ್ತದೆ, ಅದರ ಬದುವಿನ ಮೇಲೆ ಮನುಷ್ಯ ನಿಂತಿರುತ್ತಾನೆ. ಹುಡುಕುವ ದಾರಿ ಬೇರೆ, ಅಷ್ಟೆ.

ಅಲ್ಲಿ ಮೊದಲು ಬರೆಯತೊಡಗಿದ್ದು ಚರ್ಚು. ಮಗುವಿನ ದೀಕ್ಷಾಸ್ನಾನ, ಮದುವೆಯ ಘೋಷಣೆ, ಕೆಲವೆಡೆ ಹೂಳಿದ ದಿನ. ಪರ್ತ್‌ಶೈರಿನ ಎರೋಲ್ ಎಂಬ ಊರಿನ ಪುಸ್ತಕ 1553ರಷ್ಟು ಹಳೆಯದು. 1855ರ ಜನವರಿ 1ರಿಂದ ಸರ್ಕಾರವೇ ಎಲ್ಲರ ಜನನ, ಮದುವೆ, ಮರಣಗಳನ್ನು ಕಡ್ಡಾಯವಾಗಿ ಬರೆದುಕೊಳ್ಳತೊಡಗಿತು. ಆ ನಮೂನೆಯನ್ನು ರೂಪಿಸಿದವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಸತ್ತವರ ತಂದೆಯ ಹೆಸರಿನ ಜೊತೆಗೆ ತಾಯಿಯ ಹೆಸರನ್ನೂ, ಅವಳ ತವರಿನ ಅಡ್ಡಹೆಸರನ್ನೂ ಅವರು ಕೇಳಿದ್ದಾರೆ. ಒಂದು ಸಾವಿನ ನಮೂದು ಮುಂದಿನ ತಲೆಮಾರಿನ ಬೀಗದ ಕೈ ಕೊಡುತ್ತದೆ. ನಮ್ಮ ಬಡಗಿ ಒಂದೇ ದಿನದಲ್ಲಿ ಐದು ಮೆಟ್ಟಿಲು ಏರಿದ್ದು ಹೀಗೆ. ಜನನದ ನಮೂದುಗಳು 100 ವರ್ಷಕ್ಕೆ, ಮದುವೆಯವು 75ಕ್ಕೆ, ಮರಣದವು 50ಕ್ಕೆ ಅಂತರ್ಜಾಲದಲ್ಲಿ ತೆರೆದುಕೊಳ್ಳುತ್ತವೆ. ಜನಗಣತಿಯ ಹಾಳೆಗಳು 100 ವರ್ಷ ಮುಚ್ಚಿದ್ದು ಆಮೇಲೆ ಎಲ್ಲರಿಗೂ ಸಿಗುತ್ತವೆ.

ಅಲ್ಲಿಯೂ ಎಲ್ಲರೂ ಸಿಗುವುದಿಲ್ಲ. 1783ರಿಂದ 1794ರವರೆಗೆ ಪ್ರತಿ ನಮೂದಿಗೂ ಮೂರು ಪೆನ್ಸ್ ತೆರಿಗೆ ಇತ್ತು. ಆ ವರ್ಷಗಳಲ್ಲಿ ಎಷ್ಟೋ ಜನ ಮಗುವಿನ ಹೆಸರು ಬರೆಸದೆ ಬಿಟ್ಟರು. ಬಡಗಿಯ ನೇಕಾರನ ಮಗಳಿಗೆ ಒಬ್ಬ ಅಕ್ಕನಿದ್ದಳೆಂದು ಅವರ ಮನೆಮಾತು. ಪುಸ್ತಕದಲ್ಲಿ ಅವಳಿಲ್ಲ. ಆದರೆ ಬಡವರು ಬೇರೊಂದು ಬಾಗಿಲಿನಿಂದ ಒಳಗೆ ಬಂದಿದ್ದಾರೆ. 1845ರ ಬಡವರ ಕಾಯ್ದೆಯ ನಂತರ ನೆರವು ಬೇಡಿ ಬಂದವರ ಹುಟ್ಟೂರು, ಮಕ್ಕಳು, ಕಾಯಿಲೆ, ಕಷ್ಟ ಎಲ್ಲವನ್ನೂ ಗುಮಾಸ್ತರು ಕೇಳಿ ಬರೆದುಕೊಂಡರು. ತುಂಡು ಭೂಮಿಯೂ ಇಲ್ಲದವನ ಇಡೀ ಬಾಳು ಅರ್ಧ ಪುಟದಲ್ಲಿ ಅಲ್ಲಿ ಸಿಗುತ್ತದೆ. ನಮ್ಮಲ್ಲಿ ಭೂಮಿಯಿಲ್ಲದವನ ಬಗ್ಗೆ ಅಂಥ ಅರ್ಧ ಪುಟ ಎಲ್ಲಿ ಹುಡುಕಬೇಕು? ಊರ ಸೇವೆಗೆಂದು ಕೊಟ್ಟ ಚಾಕರಿ ವತನದ ಹೊಲವಿದ್ದರೆ ತಳವಾರನ ಹೆಸರು ಉಳಿದೀತು. ಕೂಲಿ ಮಾಡಿ ಬದುಕಿದವರ ಹೆಸರು ಸಿಗುವುದು ಬಹಳ ಕಷ್ಟ. ಇದು ನಮ್ಮ ದಾಖಲೆಗಳ ದೊಡ್ಡ ಕೊರತೆ, ಅದನ್ನು ಮುಚ್ಚಿಡುವ ಮನಸ್ಸು ನನಗಿಲ್ಲ.

ನಮ್ಮಲ್ಲಿಯೂ 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ಇಡೀ ದೇಶದ ಗಣತಿ ನಡೆದಿದೆ. ಆದರೆ 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ವ್ಯಕ್ತಿಗಳ ವಿವರವಿರುವ ಹಾಳೆಗಳನ್ನು ಯಾರೂ ನೋಡುವಂತಿಲ್ಲ. ಬದುಕಿರುವವರ ಗುಟ್ಟು ಕಾಯುವುದು ಸರಿ. ನೂರು ವರ್ಷ ಕಳೆದ ಮೇಲೂ ಮೊಮ್ಮಕ್ಕಳಿಂದ ಅಜ್ಜಿಯ ಹೆಸರನ್ನು ಮುಚ್ಚಿಡುವುದು ಯಾರ ಹಿತಕ್ಕೆ?

ಹೀಗಾಗಿ ಉಳಿಯುವುದು ಹೊಲ. ನಮ್ಮ ಕಡೆ ಕುಲಕರ್ಣಿ, ಹಳೆಯ ಮೈಸೂರಿನಲ್ಲಿ ಶಾನುಭೋಗ ಬರೆದಿಟ್ಟ ಲೆಕ್ಕ. ಈ ಹುದ್ದೆಗಳು ವಂಶಪಾರಂಪರ್ಯವಾಗಿದ್ದವು, 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಅವುಗಳನ್ನು ಕೊನೆಗೊಳಿಸಿತು. ಅನ್ಯಾಯದ ಪದ್ಧತಿ ಹೋಗಿದ್ದು ಒಳ್ಳೆಯದೇ ಆಯಿತು. ಆದರೆ ಎಷ್ಟೋ ಕಡೆ ಕಡತಗಳು ಆ ಮನೆಗಳ ಅಟ್ಟದಲ್ಲಿಯೇ ಉಳಿದು ಗೆದ್ದಲಿಗೆ ಆಹಾರವಾದವು. ಉಳಿದದ್ದನ್ನು ಓದುವುದೂ ಸುಲಭವಲ್ಲ. ಮುಂಬಯಿ ಕರ್ನಾಟಕದ ಹಳೆಯ ಕಾಗದಗಳಲ್ಲಿ ಮರಾಠಿಯ ಮೋಡಿ ಲಿಪಿ ಎದುರಾಗುತ್ತದೆ, ಹೈದರಾಬಾದ್ ಕರ್ನಾಟಕದಲ್ಲಿ ಉರ್ದು. ಇಸವಿಯ ಬದಲು ಸಂವತ್ಸರದ ಹೆಸರಿರುತ್ತದೆ. ‘ಧಾತು’ ಎಂದು ಬರೆದಿದ್ದರೆ ಅದು ಮಹಾ ಬರದ 1876ನೆಯ ಇಸವಿಯೋ ಅರವತ್ತು ವರ್ಷದ ನಂತರದ 1936ನೆಯದೋ ಎಂದು ಸುತ್ತಲಿನ ಹೆಸರುಗಳಿಂದಲೇ ಊಹಿಸಬೇಕು. ಹೆಸರುಗಳೋ, ಅಜ್ಜನದು ಮೊಮ್ಮಗನಿಗೆ ಬಂದು ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಮರಳುತ್ತಿರುತ್ತವೆ. ನಮ್ಮ ಮನೆಯ ಉತಾರಗಳನ್ನು, ಅಂದರೆ ಹೊಲದ ದಾಖಲೆಯ ನಕಲುಗಳನ್ನು, ಮೊದಲ ಸಲ ಹರಡಿಕೊಂಡು ಕುಳಿತಾಗ ಅಜ್ಜನನ್ನೂ ಅಜ್ಜನ ಅಜ್ಜನನ್ನೂ ಒಬ್ಬರೇ ಎಂದು ತಿಳಿದು ಒಂದು ವಾರ ಕಳೆದುಕೊಂಡೆ.

ಕಾಗದ ಯಾವ ಕಚೇರಿಯಲ್ಲಿದೆ ಎಂಬುದೇ ಇನ್ನೊಂದು ಹುಡುಕಾಟ. ನಮ್ಮೂರು ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. 1997ಕ್ಕೆ ಮೊದಲು ಅದು ವಿಜಯಪುರ ಜಿಲ್ಲೆ. ಅದಕ್ಕೂ ಹಿಂದೆ, 1885ರಲ್ಲಿ ಜಿಲ್ಲಾ ಕಚೇರಿ ವಿಜಯಪುರಕ್ಕೆ ಹೋಗುವ ತನಕ, ಕಲಾದಗಿ ಜಿಲ್ಲೆ. 1956ರ ನವೆಂಬರ್ 1ರವರೆಗೆ ಅದೆಲ್ಲ ಮುಂಬಯಿಗೆ ಸೇರಿತ್ತು. ಊರಾದರೂ ಈಗ ಎಲ್ಲಿದೆ? ಆಲಮಟ್ಟಿಯ ಹಿನ್ನೀರಿನ ಕೆಳಗೆ. ನಾವು ಆಡಿದ ಅಗಸಿಯ ಕಟ್ಟೆ, ಹಿರಿಯರ ಗದ್ದುಗೆ, ಮುತ್ತಜ್ಜಿ ನೀರು ಹೊತ್ತ ಹಾದಿ ಎಲ್ಲವೂ ನೀರಿನಲ್ಲಿವೆ. ಮುಳುಗಿದ ಊರಿಗೆ ಉಳಿದ ಗುರುತೆಂದರೆ ಅದರ ಕಾಗದಗಳು ಮಾತ್ರ.

ಕಾಗದವಲ್ಲದ ಒಂದು ದಾಖಲೆ ನಮಗಿತ್ತು, ಅದನ್ನು ನೆನೆದರೆ ಎದೆ ತುಂಬಿ ಬರುತ್ತದೆ. ಸುಗ್ಗಿ ಮುಗಿದ ಮೇಲೆ ನಮ್ಮ ಓಣಿಗೆ ವಂಶಾವಳಿ ಹೇಳುವ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕುಳಿತು ಬರುವುದು ಅವರ ಹಳೆಯ ರೂಢಿ. ಇಂಥ ಊರು, ಇಂಥ ಮನೆತನಗಳು ಇಂಥ ಹೆಳವರವು ಎಂದು ತಲೆತಲಾಂತರದಿಂದ ಹಂಚಿಕೆಯಾಗಿರುತ್ತದೆ. ಬಾಗಿಲಲ್ಲಿ ನಿಂತು ಮೂಲಪುರುಷನಿಂದ ಹಿಡಿದು ತೊಟ್ಟಿಲಲ್ಲಿರುವ ಕೂಸಿನವರೆಗೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರ ಹೆಸರು ಕೇಳಿ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಿದ್ದರು. ಮನೆಯವರು ಜೋಳ, ಬಟ್ಟೆ, ಹಣ ಕೊಡುತ್ತಿದ್ದರು. ನಮ್ಮ ಮೂಲಪುರುಷ ಡೋಗಿ ಬರದಲ್ಲಿ ಎರಡು ಎತ್ತು ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಬಂದವನಂತೆ. ಸತ್ತವರ ತಲೆಬುರುಡೆಗಳು ನೆಲದ ತುಂಬ ಬಿದ್ದಿದ್ದ 1791–92ರ ಬರ ಅದು. ಬಡಗಿಯ ನೇಕಾರ ಬದುಕಿದ್ದ ದಶಕವೇ! ಅವರು ಕಾಗದ ಹಿಡಿದು ತಲುಪಿದಷ್ಟು ಹಿಂದಕ್ಕೆ ನಮ್ಮ ಹೆಳವರು ನಾಲಗೆಯ ಮೇಲೆ ಕರೆದೊಯ್ಯುತ್ತಿದ್ದರು. ಹುಡುಗನಾಗಿದ್ದಾಗ ನಾನು ಅದನ್ನು ಕಥೆ ಎಂದು ಕೇಳಿದೆ, ಬರೆದುಕೊಳ್ಳಲಿಲ್ಲ. ಊರು ಚದುರಿದ ಮೇಲೆ ಅವರು ಬರುವುದು ನಿಂತಿತು.

ಅಷ್ಟಾದರೂ ಹೆಳವರ ಪಟ್ಟಿ ಗಂಡುಸಂತಾನದ ಪಟ್ಟಿ. ಉತಾರ, ಪಹಣಿಯಲ್ಲಿಯೂ ಬಹುಕಾಲ ಹಾಗೆಯೇ. ಹಳೆಯ ಮೈಸೂರಿನ ಕಾಗದಗಳಲ್ಲಿ ಇಂಥವನ ಮಗ ಎಂಬುದಕ್ಕೆ ‘ಬಿನ್’, ಇಂಥವನ ಹೆಂಡತಿ ಎಂಬುದಕ್ಕೆ ‘ಕೋಂ’ ಎಂದು ಬರೆಯುತ್ತಾರೆ. ಹೆಣ್ಣು ಕಾಣಿಸಿಕೊಳ್ಳುವುದೇ ಗಂಡ ಸತ್ತು ಹೊಲ ಅವಳ ಹೆಸರಿಗೆ ಬಂದಾಗ, ಆಗಲೂ ‘ಕೋಂ’ ಎಂಬ ಪುಟ್ಟ ಪದದ ಹಿಂದೆ ಗಂಡನ ಹೆಸರಿದೆ. ಅವಳ ತವರಿನ ಸುದ್ದಿಯೇ ಇಲ್ಲ.

ಮುತ್ತಜ್ಜಿ ಸಿಕ್ಕಿದ್ದು ಎಲ್ಲಿ ಗೊತ್ತೇ? ಅವಳು ತನ್ನ ಹಕ್ಕನ್ನು ಬಿಟ್ಟುಕೊಟ್ಟ ಕಾಗದದಲ್ಲಿ. ಊರು ಮುಳುಗುವಾಗ ಪರಿಹಾರಕ್ಕಾಗಿ ವಂಶಾವಳಿ ಬೇಕೆಂದು ತಂದೆ ಮನೆಯ ಎಲ್ಲ ಪತ್ರಗಳನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಕೂಡಿಹಾಕಿದ್ದರು. ಈ ಸಲ ರಜೆಯಲ್ಲಿ ಅದನ್ನು ತೆರೆದೆ. ತಳದಲ್ಲಿ 1961ರ ಹಕ್ಕು ಬಿಡುಗಡೆ ಪತ್ರದ ನಕಲು ಇತ್ತು. ಹೊಳೆಯಾಚೆಯ ಊರು, ಅವಳ ತಂದೆಯ ಹೆಸರು, ಹೊಲದ ಸರ್ವೆ ನಂಬರ್, ಮದುವೆಯ ಹೆಸರಿನ ಮುಂದೆ ‘ಉರುಫ್’ ಎಂದು ತವರಿನ ಹೆಸರು. ವಯಸ್ಸು 58, ಉದ್ಯೋಗ ಮನೆಗೆಲಸ. ಕೆಳಗೆ ಹೆಬ್ಬೆಟ್ಟಿನ ಗುರುತು. ತಂದೆಯ ಆಸ್ತಿಯಲ್ಲಿ ತನಗೆ ಬರುವ ಪಾಲನ್ನು ಸಂತೋಷದಿಂದ ಅಣ್ಣತಮ್ಮಂದಿರಿಗೆ ಬಿಟ್ಟಿದ್ದೇನೆ ಎಂದು ಬರೆದಿದೆ. ಸಂತೋಷ ಇತ್ತೋ ಇಲ್ಲವೋ ಅವಳಿಗೇ ಗೊತ್ತು. ನಾನು ಆ ಮಸಿಯ ಗುರುತಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತಿದ್ದೆ.

ಆಗ ಹೊಳೆದದ್ದು ಇದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣುಮಕ್ಕಳನ್ನು ವಾರಸುದಾರರೆಂದು ಎಣಿಸಿತು. ಪಾಲು ಕೈಗೆ ಬಂತೋ ಬಿಟ್ಟಿತೋ, ಹೆಸರಂತೂ ಕಾಗದಕ್ಕೆ ಬಂತು. ಆದ್ದರಿಂದ ಅಜ್ಜಿಯರನ್ನು ಹುಡುಕುವವರು ಅವರ ಗಂಡನ ಮನೆಯ ದಾಖಲೆಯಲ್ಲಿ ಹುಡುಕಬೇಡಿ. ತವರಿನಲ್ಲಿ ತಂದೆ ಸತ್ತಾಗ ಆದ ವಾರಸಾ ನಮೂದು, ಅದರ ಬೆನ್ನಿಗೇ ಬಂದ ಬಿಡುಗಡೆ ಪತ್ರ, ಇವೆರಡನ್ನು ನೋಡಿ. ನೋಂದಾಯಿತ ಆಸ್ತಿ ಪತ್ರಗಳ ಒಂದನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು ಎಂದು 1908ರ ನೋಂದಣಿ ಕಾಯ್ದೆಯ 57ನೇ ಕಲಮು ಹೇಳುತ್ತದೆ. ಜನರಲ್ ರಿಜಿಸ್ಟರ್ ಹೌಸಿನಂಥ ತೆರೆದ ಬಾಗಿಲು ಉಪನೋಂದಣಿ ಕಚೇರಿಯ ರೂಪದಲ್ಲಿ ನಮ್ಮ ಬಹುಪಾಲು ತಾಲ್ಲೂಕುಗಳಲ್ಲಿ ಇದೆ. ನಾವು ಅದನ್ನು ಮಾರಾಟ ಮತ್ತು ಸಾಲದ ಕೆಲಸಕ್ಕಷ್ಟೇ ಬಳಸಿದ್ದೇವೆ.

ತಾಲ್ಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ 2024ರಲ್ಲಿ ಕರ್ನಾಟಕದಲ್ಲಿ ಶುರುವಾಗಿದೆ. ಇದನ್ನು ಮನಸಾರೆ ಮೆಚ್ಚುತ್ತೇನೆ. ಒಂದು ಬೇಡಿಕೆ ಮಾತ್ರ ಇದೆ: ಸರ್ವೆ ನಂಬರಿನ ಜೊತೆಗೆ ವ್ಯಕ್ತಿಯ ಹೆಸರಿನಿಂದಲೂ ಹುಡುಕುವಂತೆ ಸೂಚಿ ಮಾಡಬೇಕು, ‘ಕೋಂ’ ಆದವಳೂ ‘ಉರುಫ್’ ಆದವಳೂ ಅದರಲ್ಲಿ ಬರಬೇಕು. ಹೆಳವರ ಪುಸ್ತಕಗಳನ್ನು ಅವರ ಒಪ್ಪಿಗೆಯಿಂದ, ಅವರ ವಿದ್ಯೆಗೆ ತಕ್ಕ ಸಂಭಾವನೆ ಕೊಟ್ಟು ನಕಲು ಮಾಡಿಸಬೇಕು. ಇನ್ನು ನಮ್ಮ ಕೈಯಲ್ಲೇ ಇರುವುದು ವಂಶವೃಕ್ಷ. ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಮೇಲೂ ಅವರ ಹೆಸರು ಬಿಟ್ಟು ವಂಶಾವಳಿ ಬರೆಸುವವರಿದ್ದಾರೆ. ಅದು ಇಂದಿನ ಅನ್ಯಾಯವಷ್ಟೇ ಅಲ್ಲ, ನೂರು ವರ್ಷದ ನಂತರ ಹುಡುಕುವ ಮೊಮ್ಮಗಳ ಎದುರು ಹಾಕಿದ ಬಾಗಿಲು.

ಬಿಡುಗಡೆ ಪತ್ರದಲ್ಲಿದ್ದ ಸರ್ವೆ ನಂಬರ್ ಹಿಡಿದು ಹೊಳೆಯಾಚೆಯ ತಾಲ್ಲೂಕಿನ ಒಂದು ಕಚೇರಿಗೆ ಮೂರು ಸಲ ಹೋದೆ. ಎರಡು ಸಲ ಪುಸ್ತಕ ಇಲ್ಲವೆಂದರು. ಮೂರನೆಯ ಸಲ ಒಬ್ಬ ಹಿರಿಯ ಗುಮಾಸ್ತರು ತಾವೇ ಏಣಿ ಹತ್ತಿ ಕೆಂಪು ರುಮಾಲು ಬಿಚ್ಚಿದರು. ಮುತ್ತಜ್ಜಿಯ ತಂದೆ ತೀರಿಕೊಂಡಾಗಿನ ವಾರಸಾ ನಮೂದು ಅದರಲ್ಲಿತ್ತು: ಹೆಂಡತಿ, ನಾಲ್ವರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಮುತ್ತಜ್ಜಿಯ ತಾಯಿಯ ಹೆಸರು ಹಾಗೆ ಸಿಕ್ಕಿತು. ಕಣ್ಣಿಗೆ ನೀರು ಬಂದು ಗುಮಾಸ್ತರೇ ಆ ಹೆಸರನ್ನು ಓದಿ ಹೇಳಬೇಕಾಯಿತು. ಸಾಲಿನ ತುದಿಯಲ್ಲಿ ಅವಳ ವಯಸ್ಸು 75 ಎಂದಿದೆ, ಅಂದರೆ ಹುಟ್ಟಿದ್ದು ಧಾತು, ಈಶ್ವರ ಸಂವತ್ಸರಗಳ ಮಹಾ ಬರ ಮುಗಿದ ಕೆಲವು ವರ್ಷಗಳ ನಂತರ. ತವರು ಬರೆದಿಲ್ಲ. ಮೂವರು ಹೆಣ್ಣುಮಕ್ಕಳಲ್ಲಿ ಉಳಿದಿಬ್ಬರ ಮೊಮ್ಮಕ್ಕಳು ಎಲ್ಲಿದ್ದಾರೆಂದು ಅತ್ತೆ ಈಗ ವಿಚಾರಿಸುತ್ತಿದ್ದಾರೆ, ಅವರ ಮನೆಯಲ್ಲಿ ಯಾರಿಗಾದರೂ ನೆನಪಿರಬಹುದು.